ಟೈಲರ್ ಆಂಟಿ ಹೊಲಿದ ಮತ್ಸ್ಯಕನ್ಯೆಯ ಕೈಗವಸು

ಹೋದ ವಾರ ಇಸ್ತ್ರಿ ಮಾಡುತ್ತಾ ಫೋನಿನಲ್ಲಿ ಮಾತಿಗೆ ಬಿದ್ದು ಒಂದು ನೈಲಾನ್ ದುಪಟ್ಟಾ ಸುಟ್ಟುಕೊಂಡೆ. ಹೊಗೆಯ ಅಲಾರಂ ಬಾಯಿ ಬಡಿದುಕೊಳ್ಳತೊಡಗಿತು. ಕುರ್ಚಿ ಹತ್ತಿ ಅದರ ಬಾಯಿ ಮುಚ್ಚಿಸಿ, ಕಿಟಕಿ ತೆಗೆದು, ನನಗೆ ನಾನೇ ಬೈದುಕೊಳ್ಳುತ್ತಾ ನಿಂತಾಗ ಆ ವಾಸನೆ ಮೂಗಿಗೆ ಹತ್ತಿತು. ಸುಟ್ಟ ನೈಲಾನಿನ ವಾಸನೆ ಯಾರಿಗಾದರೂ ಹಿಡಿಸುತ್ತದೆಯೇ? ನನಗೆ ಹಿಡಿಸುತ್ತದೆ. ಅದು ನಮ್ಮ ಟೈಲರ್ ಆಂಟಿಯ ಮನೆಯ ವಾಸನೆ…

ಲಂಡನ್ನಿನ ಕೆಂಟನ್‌ನಲ್ಲಿ ನಮ್ಮ ಫ್ಲಾಟಿನ ಸರಿಯಾಗಿ ಕೆಳಗೆ ಅವರ ಫ್ಲಾಟು. ಉಡುಪಿ ಕಡೆಯ ಕ್ಯಾಥೊಲಿಕರು, ಮನೆಮಾತು ಕೊಂಕಣಿ. ಮುಂದಿನ ಕೋಣೆಯ ತುಂಬ ಬಟ್ಟೆಯ ಚೂರು, ಮೂಲೆಯಲ್ಲಿ ಹೊಲಿಗೆ ಮೆಷಿನ್ನು, ಅದರ ಪಕ್ಕ ಏಸುವಿನ ಪಟ. ಸುತ್ತಮುತ್ತಲ ಗುಜರಾತಿ ಮದುವೆಗಳ ಬ್ಲೌಸುಗಳೆಲ್ಲ ಅಲ್ಲೇ ಹುಟ್ಟುತ್ತಿದ್ದವು. ನಾನು ಮೈಸೂರಿನವಳು, ಬಾಯಿ ಸ್ವಲ್ಪ ಜೋರು. ಬ್ಲೌಸು ಬಿಗಿಯಾಯಿತು ಅಂತ ಜಗಳಕ್ಕೆ ಹೋದರೆ, "ಬ್ಲೌಸು ಬಿಗಿ ಆದದ್ದಲ್ಲ ಮಾರಾಯ್ತಿ, ನೀವು ಚಂದ ಆದದ್ದು" ಅನ್ನುತ್ತಿದ್ದರು. ಅವರೊಂದಿಗೆ ಜಗಳವಾಡುವುದೂ ಕಷ್ಟವೇ.

ನನ್ನ ಮಗಳಿಗೆ ಆಗ ಹದಿನೈದು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಒಂದು ಶನಿವಾರ ಬೆಳಿಗ್ಗೆ ಅಡುಗೆಮನೆಗೆ ಬಂದು ಕಾಸ್‌ಪ್ಲೇಗೆ ಹೋಗುತ್ತೇನೆ ಅಂದಳು. ಕಥೆಯಲ್ಲಿ ಬರುವವರ ಹಾಗೆ ವೇಷ ಹಾಕಿಕೊಂಡು ಎಲ್ಲರೂ ಒಂದು ಕಡೆ ಸೇರುವುದಂತೆ. ತಾನು ಮತ್ಸ್ಯಕನ್ಯೆಯಂತೆ. ಆಗು ತಾಯಿ, ಅಂದೆ. ಬಾಲ ಸಿಕ್ಕಿದೆಯಂತೆ, ಇನ್ನು 'ವೆಬ್ಡ್ ಗ್ಲವ್ಸ್' ಒಂದು ಬೇಕಂತೆ. ಅಂದರೆ ಬಾತುಕೋಳಿಯ ಪಾದಕ್ಕೆ ಇರುತ್ತದಲ್ಲ, ಹಾಗೆ ಬೆರಳ ಸಂದಿಗಳಲ್ಲಿ ಪೊರೆ ಇರುವ ಕೈಗವಸು.

ನಾನು ಸೌಟು ಕುಕ್ಕಿದೆ.

'ವೆಬ್ಡ್' ಅನ್ನುವ ಪದವನ್ನು ನಾನು ಮೊದಲು ಓದಿದ್ದು ಆಸ್ಪತ್ರೆಯ ಕಾಗದದಲ್ಲಿ. ಇವಳು ಹುಟ್ಟಿದಾಗ ಬಲಗೈಯ ಮಧ್ಯದ ಬೆರಳೂ ಉಂಗುರದ ಬೆರಳೂ ತುದಿಯವರೆಗೆ ಕೂಡಿಕೊಂಡಿದ್ದವು. ಒಂದೂವರೆ ವರ್ಷಕ್ಕೆ ಆಪರೇಷನ್ ಮಾಡಿ ಬಿಡಿಸಿದರು. ಅಷ್ಟು ಪುಟ್ಟ ಕೈಗೆ ಅಷ್ಟು ದೊಡ್ಡ ಕಟ್ಟು… ಬೆರಳು ಬೇರೆಯಾದವು, ಗೆರೆ ಉಳಿಯಿತು, ಉಂಗುರದ ಬೆರಳು ಚೂರು ವಾಲಿಕೊಂಡಿತು. ಸ್ಕೂಲಿಗೆ ಸೇರಿದ ಮೇಲೆ ಅವಳು ಬಲಗೈಯ ಅಂಗಿತೋಳನ್ನು ಸದಾ ಬೆರಳ ತುದಿಯವರೆಗೆ ಎಳೆದುಕೊಂಡೇ ಇರುತ್ತಿದ್ದಳು. ಯಾರಿಗೂ ಕೈಕುಲುಕಿದವಳಲ್ಲ.

"ಅದನ್ನ ಬಿಡಿಸೋಕೆ ಪಟ್ಟ ಪಾಡು ನಿಂಗೇನೇ ಗೊತ್ತು? ಈಗ ನೀನೇ ಅಂಟಿಸ್ಕೊಂಡು ಮೆರೀತೀಯಾ?" ಅಂದೆ. ಅವಳೂ ನನ್ನ ಮಗಳೇ ತಾನೆ. ಮತ್ಸ್ಯಕನ್ಯೆಗೆ ಅದು ಊನ ಅಲ್ಲ, ಅದಕ್ಕೇ ತನಗೆ ಬೇಕು ಅಂತ ಇಂಗ್ಲಿಷಿನಲ್ಲಿ ಕೂಗಿ, ಇಡೀ ಕಟ್ಟಡ ಅದುರುವ ಹಾಗೆ ಬಾಗಿಲು ಹಾಕಿಕೊಂಡಳು. ಮೂರು ದಿನ ಮಾತಿಲ್ಲ.

ನಾಲ್ಕನೆಯ ದಿನ ಟೈಲರ್ ಆಂಟಿಯೇ ಮೇಲೆ ಬಂದರು. "ಎಂತ ಮಾರಾಯ್ತಿ ನಿಮ್ಮದು? ನನ್ನ ಸೀಲಿಂಗ್ ಬೀಳ್ಲಿಕ್ಕೆ ಉಂಟು!" ಮಗಳು ಕೋಣೆಯಿಂದ ಇಣುಕಿ ಕೈಗವಸಿನ ಕಥೆ ಹೇಳಿದಳು, ಕೈಯ ಕಥೆ ಬಿಟ್ಟು. "ಇಷ್ಟೇಯಾ? ನಾನು ಹೊಲಿದು ಕೊಡ್ತೇನೆ" ಅಂದರು. ನಾನು ಬೇಡ ಅನ್ನುವಷ್ಟರಲ್ಲಿ ಇಬ್ಬರೂ ಕೆಳಗಿಳಿದಾಗಿತ್ತು.

ಅಳತೆಗೆ ಮಗಳು ಎಡಗೈ ಮಾತ್ರ ಕೊಟ್ಟಳಂತೆ. ಇನ್ನೊಂದಕ್ಕೆ ಇದನ್ನೇ ತಿರುಗಿಸಿ ಕತ್ತರಿಸಿ, ಅಂದಳಂತೆ. ಕಂದುಬಣ್ಣದ ಕಾಗದದ ಮೇಲೆ ಬೆರಳು ಅಗಲಿಸಿ ಇಡಿಸಿ, ಸುತ್ತ ಪೆನ್ಸಿಲ್ ಎಳೆದು, ಹಿಗ್ಗುವ ಹಸಿರು ಬಟ್ಟೆಯಲ್ಲಿ ಕೈ, ಪಾರದರ್ಶಕ ನೈಲಾನಿನಲ್ಲಿ ಪೊರೆ ಮಾಡಿದರು ಆಂಟಿ. ಪೊರೆಯ ಅಂಚನ್ನು ಒಳಕ್ಕೆ ಬಾಗಿಸಿ ಕತ್ತರಿಸಬೇಕು, ಇಲ್ಲದಿದ್ದರೆ ಬೆರಳು ಆಡುವುದಿಲ್ಲ. ಎಳೆ ಬಿಡದಿರಲಿ ಅಂತ ಆ ಅಂಚನ್ನು ಮೋಂಬತ್ತಿಯ ಉರಿಗೆ ಸೋಕಿಸೀ ಸೋಕಿಸದ ಹಾಗೆ ಹಿಡಿಯುತ್ತಿದ್ದರು. ವಾಸನೆ ನಮ್ಮ ಮನೆಯವರೆಗೂ ಬರುತ್ತಿತ್ತು.

ತೊಟ್ಟು ನೋಡುವ ದಿನ ನನ್ನನ್ನೂ ಕರೆದರು. ಎಡಗೈಯದು ಚರ್ಮದ ಹಾಗೆ ಕೂತಿತು. ಬಲಗೈಯದು ಅರ್ಧಕ್ಕೇ ನಿಂತಿತು. ಮಗಳು ಬೆನ್ನು ಹಾಕಿಕೊಂಡು ಎಳೆದಳು, ಜಗ್ಗಿದಳು. ಪರ್ರ್ ಅಂತ ಹೊಲಿಗೆ ಬಿಟ್ಟುಕೊಂಡಿತು. ಅವಳ ಕಿವಿಯೆಲ್ಲ ಕೆಂಪು.

"ಆ ಕೈ ಕೊಡು ಮಗಳೇ" ಅಂದರು ಆಂಟಿ.

ನಾನು ಏನೋ ಸುಳ್ಳು ಹುಡುಕುತ್ತಿದ್ದೆ. ಬಾಗಿಲಿಗೆ ಸಿಕ್ಕಿ ಪೆಟ್ಟಾಗಿತ್ತು ಅಂತಲೋ ಏನೋ… ಇಷ್ಟು ವರ್ಷದಿಂದ ಊರಿಗೆಲ್ಲ ಅದನ್ನೇ ಹೇಳಿಕೊಂಡು ಬಂದಿದ್ದೆ. ಅಷ್ಟರಲ್ಲಿ ಮಗಳೇ ತೋಳು ಮೇಲೆ ಸರಿಸಿ, ಕಾಗದದ ಮೇಲೆ ಬಲಗೈ ಇಟ್ಟುಬಿಟ್ಟಳು. ಆಂಟಿ ಅಯ್ಯೋ ಅನ್ನಲಿಲ್ಲ, ಯಾವಾಗ ಆದದ್ದು ಅಂತಲೂ ಕೇಳಲಿಲ್ಲ. ಕನ್ನಡಕ ಏರಿಸಿ, ಒಂದೊಂದೇ ಬೆರಳ ಸುತ್ತ ಪೆನ್ಸಿಲ್ ಎಳೆದರು. ಆಮೇಲೆ, "ಎರಡು ಕೈಯೂ ಒಂದೇ ಅಂತ ಎಣಿಸಿದ್ದು ನನ್ನದೇ ತಪ್ಪು. ಯಾರದ್ದೂ ಒಂದೇ ಇರುದಿಲ್ಲ. ನಿನ್ನ ಅಮ್ಮನ ಭುಜ ನೋಡು, ಎಡದ್ದು ಅರ್ಧ ಇಂಚು ಕೆಳಗೆ. ಇಷ್ಟು ಬ್ಲೌಸು ಹೊಲಿದೆ, ಒಂದು ದಿನ ಬಾಯಿ ಬಿಟ್ಟೆನಾ?" ಅಂದರು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ಉರಿದುಹೋಯಿತು, ಎದೆ ಹಗುರವೂ ಆಯಿತು.

ಮಗಳು ಮೇಲೆ ಹೋದ ಮೇಲೆ, ಗಂಡನಿಗೂ ಹೇಳದಿದ್ದದ್ದನ್ನು ಆಂಟಿಗೆ ಹೇಳಿದೆ. ಏಳು ತಿಂಗಳ ಬಸುರಿಯಾಗಿದ್ದಾಗ ಚಂದ್ರಗ್ರಹಣ ಬಂತು. ರಾತ್ರಿ ಒಂದು ಗಂಟೆಗೆ ಬಿಡುತ್ತೆ, ಅಲ್ಲೀವರೆಗೂ ಕತ್ತರಿ ಮುಟ್ಟಬೇಡ ಅಂತ ಅಮ್ಮ ಮೈಸೂರಿಂದ ಹೇಳಿದ್ದರು. ನಾನು ಐದೂವರೆ ಗಂಟೆ ಕಳೆದು, ಲಂಡನ್ನಿನಲ್ಲಿ ಸಂಜೆ ಏಳೂವರೆಗೆ ಗ್ರಹಣ ಬಿಟ್ಟಿತು ಅಂದುಕೊಂಡೆ. ಹೊರಗೆ ಇನ್ನೂ ಬಿಸಿಲು, ಚಂದ್ರನ ಸುಳಿವೇ ಇಲ್ಲ. ಮಗುವಿನ ಕೋಣೆಗೆ ಪರದೆ ಕತ್ತರಿಸಿದೆ. ಬೇಸಿಗೆಯಲ್ಲಿ ಇಲ್ಲಿ ಗಡಿಯಾರ ಒಂದು ಗಂಟೆ ಮುಂದಿರುತ್ತದೆ, ಕಳೆಯಬೇಕಾದದ್ದು ನಾಲ್ಕೂವರೆ, ನಾನು ಕತ್ತರಿ ಹಿಡಿದಾಗ ಗ್ರಹಣ ಇನ್ನೂ ಬಿಟ್ಟಿರಲಿಲ್ಲ ಅಂತ ಹೊಳೆದದ್ದು ಹೆರಿಗೆ ಮನೆಯಲ್ಲಿ, ಆ ಕೈ ನೋಡಿದ ಮೇಲೆ. ಡಾಕ್ಟರ ಹೆಂಡತಿ ನಾನು. ಬೆರಳು ಬಿಡಿಯಾಗುವುದು ಎರಡನೆಯ ತಿಂಗಳಿನಲ್ಲಿ, ಏಳರಲ್ಲಲ್ಲ ಅಂತ ಗೊತ್ತು. ಗೊತ್ತಿದ್ದು ಏನು ಬಂತು? ಅವತ್ತಿನಿಂದ ನಾನು ಬಟ್ಟೆಗೆ ಕತ್ತರಿ ಇಟ್ಟಿರಲಿಲ್ಲ.

ಆಂಟಿ ಪೂರ್ತಿ ಕೇಳಿದರು. "ನಾನು ಬಸುರಿ ಇರುವಾಗಲೂ ಗ್ರಹಣ ಬಂದಿತ್ತು. ಇಡೀ ದಿನ ಮದುವೆಯ ಗೌನು ಕತ್ತರಿಸಿದ್ದೇನೆ. ನನ್ನ ಮಗನಿಗೆ ಹತ್ತು ಬೆರಳೂ ಸರಿ ಉಂಟು. ಆದ್ರೂ ಅಮ್ಮನಿಗೆ ಒಂದು ಫೋನ್ ಮಾಡ್ಲಿಕ್ಕೆ ಬರುದಿಲ್ಲ ಅವನಿಗೆ" ಅಂದರು. ನಕ್ಕೆ, ನಗುತ್ತಲೇ ಅಳು ಬಂತು. ಅವರು ದೊಡ್ಡ ಕತ್ತರಿಯನ್ನು ನನ್ನ ಕೈಗೆ ತುರುಕಿದರು. "ಹಿಡೀರಿ. ಆ ಎರಡು ಬೆರಳಿನ ನಡುವಿನ ಪೊರೆ ನೀವೇ ಕತ್ತರಿಸಿ."

ಸೊಟ್ಟಗೆ ಕತ್ತರಿಸಿದೆ. ಅವರು ಅದನ್ನು ತಿದ್ದಲಿಲ್ಲ. ಅಂಚನ್ನು ಉರಿಗೆ ಹಿಡಿದು, ಊದಿ, "ಚಂದ ಉಂಟು" ಅಂತ ಹಾಗೇ ಹೊಲಿದರು. ಮಗಳು ಕಾಸ್‌ಪ್ಲೇಯ ದಿನ ಅದು ನಡೆದ ಸಭಾಂಗಣದಲ್ಲಿ ಎರಡೂ ಕೈ ಎತ್ತಿ, ಹತ್ತು ಬೆರಳೂ ಅಗಲಿಸಿ ಫೋಟೋ ತೆಗೆಸಿಕೊಂಡಳು.

ಟೈಲರ್ ಆಂಟಿ ಎರಡು ತಿಂಗಳ ಹಿಂದೆ ಹೋಗಿಬಿಟ್ಟರು. ನಿದ್ದೆಯಲ್ಲೇ, ಯಾರಿಗೂ ತೊಂದರೆ ಕೊಡದೆ. ಅವರು ಇಗರ್ಜಿ ಅನ್ನುತ್ತಿದ್ದ ಚರ್ಚಿಗೆ ನಾನು ಮೊದಲ ಸಲ ಹೋದದ್ದು ಅವರ ಅಂತ್ಯಕ್ರಿಯೆಯ ದಿನ. ಮಗಳು ಈಗ ಕೆಲಸದಲ್ಲಿದ್ದಾಳೆ, ರಜೆ ಹಾಕಿ ಬಂದಿದ್ದಳು. ಪೂಜೆಯ ನಡುವೆ ಪಾದ್ರಿಗಳು ಏನೋ ಅಂದರು. ಎಲ್ಲರೂ ಅಕ್ಕಪಕ್ಕ ತಿರುಗಿ, ಶಾಂತಿ ಇರಲಿ ಅಂತ ಒಬ್ಬರಿಗೊಬ್ಬರು ಕೈಕುಲುಕತೊಡಗಿದರು. ನನಗೆ ಈ ಪದ್ಧತಿ ಗೊತ್ತಿರಲಿಲ್ಲ. ಹಳೇ ಅಭ್ಯಾಸ, ಕಣ್ಣು ಮಗಳ ತೋಳಿನ ಕಡೆ ಹೋಯಿತು. ಅವಳು ಆಗಲೇ ಬಲಗೈ ಮುಂದೆ ಚಾಚಿದ್ದಳು, ಆಂಟಿಯ ಮಗನ ಕಡೆಗೆ. ಅಳುತ್ತಿದ್ದ ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಅವಳು ಅದೇ ಕೈಯನ್ನು ನನಗೂ ಕೊಟ್ಟಳು.

ಹಿಡಿದದ್ದನ್ನು ಬಿಡಲು ನನ್ನಿಂದ ಆಗಲಿಲ್ಲ. ಎಲ್ಲರೂ ಮಂಡಿಯೂರಿದರು, ನಾವಿಬ್ಬರೇ ನಿಂತಿದ್ದೆವು.

ಇದನ್ನು ಓಡಿಹೋಗಿ ನಾನು ಹೇಳಬೇಕಾಗಿದ್ದದ್ದು ಒಬ್ಬರಿಗೇ. ಅವರು ಎದುರಿಗೆ ಪೆಟ್ಟಿಗೆಯಲ್ಲಿ ಮಲಗಿದ್ದರು. ಈಗಲೂ ಕೆಲವು ಸಲ, ಹೇಳಿಬಿಡೋಣ ಅಂತ ಚಪ್ಪಲಿ ಮೆಟ್ಟಿ ನಾಲ್ಕು ಮೆಟ್ಟಿಲು ಇಳಿದುಬಿಡುತ್ತೇನೆ… ಆಮೇಲೆ ನೆನಪಾಗುತ್ತದೆ.