ಬಚ್ಚಪ್ಪನ ಎದೆಗೂಡು

ಬೂದಿಕೋಟೆ ಸುತ್ತಿನ ಕುರುಚಲು ಗುಡ್ಡಗಳಲ್ಲಿ ನಲವತ್ತು ವರ್ಷ ಕುರಿ ಕಾದ ಬಚ್ಚಪ್ಪನಿಗೆ ಮೊದಲಿನಿಂದಲೂ ಮಾತು ಕಡಿಮೆ. ಮನುಷ್ಯರ ಜೊತೆಗಂತೂ ತೀರಾ ಕಡಿಮೆ. ಅಂಥವನಿಗೆ ಕೆ.ಜಿ.ಎಫ್. ಆಸ್ಪತ್ರೆಯಲ್ಲಿ ಒಂದು ಬೆಳಗ್ಗೆ ನರ್ಸೊಬ್ಬಳು, ಅಂಗಿ ಬಿಚ್ಚಿ ಅಂದುಬಿಟ್ಟಳು.

ಬಸುರಿ ಮಗಳು ಚೈತ್ರಳಿಗೆ ಆಗಷ್ಟೇ ಎಂಟನೆಯ ತಿಂಗಳು ಬಿದ್ದಿತ್ತು. ಮುಖ, ಕಾಲು ಊದಿದ್ದನ್ನು ಕಂಡು ಊರಿನ ಆಶಾ ಕಾರ್ಯಕರ್ತೆ ಕಲಾ ಅವಳ ಬಿ.ಪಿ. ನೋಡಿಸಿದಳು, ನೋಡಿದವರು ನಿಂತ ಕಾಲಲ್ಲೇ ಆಂಬುಲೆನ್ಸ್ ಕರೆಸಿದರು. ಬಂಗಾರಪೇಟೆ ದಾಟುವಷ್ಟರಲ್ಲಿ ಫಿಟ್ಸ್ ಬಂತು. ಕೆ.ಜಿ.ಎಫ್.ನಲ್ಲಿ ಕೂಸನ್ನು ಆಪರೇಷನ್ ಮಾಡಿಯೇ ತೆಗೆದರು. ಹೆಣ್ಣು, ಒಂದು ಕೇಜಿ ಮುನ್ನೂರು ಗ್ರಾಂ. ಏಳರಲ್ಲಿ ಹುಟ್ಟಿದ್ದು ಉಳಿದರೂ ಉಳಿದೀತು, ಎಂಟರದ್ದು ಉಳಿಯುವುದಿಲ್ಲ ಎನ್ನುವ ಊರಿನ ಮಾತು ಬಚ್ಚಪ್ಪನ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಫಿಟ್ಸ್ ನಿಲ್ಲದ ಚೈತ್ರಳನ್ನು ಕೋಲಾರದ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಗಂಡ ಸಾಯಿಕುಮಾರ್, ತಾಯಿ ಸುಬ್ಬಲಕ್ಷ್ಮಮ್ಮ ಅವಳ ಹಿಂದೆ ಹೋದರು. ಗಾಜಿನ ಪೆಟ್ಟಿಗೆಯಲ್ಲಿದ್ದ ಕೂಸಿಗೆ ತನ್ನವರೆಂದು ಉಳಿದವನು ಬಚ್ಚಪ್ಪನೊಬ್ಬನೇ.

ಆರನೆಯ ದಿನ ನರ್ಸ್ ಅಂಬಿಕ ಬಂದಳು. ಗಣಿ ಕಾರ್ಮಿಕರ ಕೇರಿ ಚಾಂಪಿಯನ್ ರೀಫ್ಸಿನ ಹುಡುಗಿ, ಕೂಸುಗಳನ್ನೆಲ್ಲ ತಮಿಳಿನಲ್ಲಿ ‘ಕಣ್ಣು, ಕಣ್ಣು’ ಅಂತ ಮುದ್ದಿನಿಂದ ಕರೆಯುವವಳು.

“ತಾತಾ, ಪಾಪು ಉಸಿರಾಟ ಈಗ ಪರವಾಗಿಲ್ಲ. ಇನ್ನು ಅದಕ್ಕೆ ಮೈ ಶಾಖ ಬೇಕು. ಅಂಗಿ ಬಿಚ್ಚಿ, ಎದೆ ಮೇಲೆ ಹಾಕ್ಕೊಂಡು ಕೂತ್ಕೋಬೇಕು.”

“ನಾನಾ? ನಾನು ಗಂಡಸು ಕಣಮ್ಮ.”

“ಗಂಡಸ್ರ ಎದೆ ಏನು ಐಸಾ? ಹೋಗಿ ಸ್ನಾನ ಮಾಡ್ಕೊಂಡು ಬನ್ನಿ. ಆ ಬೀಡಿ ಮಾತ್ರ ಬೇಡ.”

ಬಚ್ಚಪ್ಪ ಬೀಡಿ ಕಟ್ಟನ್ನು ಆಸ್ಪತ್ರೆಯ ಗೇಟಿನ ಹೊರಗೆ ಎಸೆದು, ಎರಡು ಸಲ ಸೋಪು ಹಚ್ಚಿ ಮಿಂದು ಬಂದ. ಟೋಪಿ, ಕಾಲುಚೀಲ ತೊಟ್ಟ ಕೂಸನ್ನು ಅಂಬಿಕ ಕಪ್ಪೆಮರಿಯಂತೆ ಕೈಕಾಲು ಮಡಿಸಿ ಅವನ ಬರಿಯೆದೆಗೆ ಆನಿಸಿ, ಬಟ್ಟೆಯಿಂದ ಬಿಗಿದು ಕಟ್ಟಿದಳು. ಅವನು ಎತ್ತಿ ಬೆಳೆಸಿದ ಎಷ್ಟೋ ಕುರಿಮರಿಗಳಿಗಿಂತ ಅದು ಹಗುರ. ಅದರ ಎದೆ ಬಡಿಯುವುದು ತನ್ನದೇ ಚರ್ಮದೊಳಗಿನಿಂದ ಬಂದಂತಿತ್ತು. ಉಸಿರು ಜೋರಾಗಿ ಬಿಟ್ಟರೆ ಹಾರಿಹೋದೀತೆಂಬಂತೆ ಬಚ್ಚಪ್ಪ ಅಲುಗದೆ ಕೂತ.

ಆಮೇಲಿನ ದಿನಗಳಿಗೆ ಬೆಳಗು ಬೈಗು ಅಂತಿರಲಿಲ್ಲ. ಮೂಗಿನ ಸಣ್ಣ ನಳಿಗೆಯಲ್ಲಿ ಹಾಲು ಇಳಿಯುತ್ತಿತ್ತು. ಕಿಟಕಿಯಾಚೆ, ಗಣಿಯ ಕಾಲದಲ್ಲಿ ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬ ಬಿಸಿಲಲ್ಲಿ ಬೆಳ್ಳಗೆ ತೇಲುತ್ತಿತ್ತು. ಕಣ್ಣು ಅರೆಮುಚ್ಚಿದರೆ ಸಾಕು, ತನ್ನ ಹಿಂಡು ಅದನ್ನು ಹತ್ತುವುದು ಅವನಿಗೆ ಕಾಣುತ್ತಿತ್ತು. ಹಿಂಡಿನ ಹಿಂದೆ ಕಂಬಳಿ ಹೊದ್ದ, ಮುಖ ಕಾಣದ ಒಬ್ಬ ಗಂಡಾಳು ಬರುತ್ತಿದ್ದ. ಅವನು ಯಾರೆಂದು ಬಚ್ಚಪ್ಪನಿಗೆ ಗೊತ್ತಿತ್ತು.

ಹೆಂಡತಿ ಸುಬ್ಬಲಕ್ಷ್ಮಮ್ಮನ ಚೊಚ್ಚಲ ಹೆರಿಗೆಯದೂ ಹೀಗೇ ತಿಂಗಳು ತುಂಬದ ಕೂಸು. ಗಂಡು. ಹಳೆ ಹತ್ತಿ ಹಾಸಿದ ಮೊರದಲ್ಲಿ ಮಲಗಿಸಿದ್ದರು. ಬಾಣಂತಿಯ ಕೋಣೆಗೆ ಗಂಡಸರು ಕಾಲಿಡುವಂತಿರಲಿಲ್ಲ. ಮೂರನೆಯ ದಿನ ಅದು ತಣ್ಣಗಾಯಿತು. ಉಳಿದಿದ್ದರೆ ಈಗ ಹಿಂಡಿನ ಹಿಂದೆ ನಡೆಯುವ ಗಂಡಾಳಾಗಿರುತ್ತಿತ್ತು. ಅದೇ ವಾರ ದೊಡ್ಡಿಯಲ್ಲಿ ದಿನ ತುಂಬದೆ ಹುಟ್ಟಿದ ಮರಿಯೊಂದನ್ನು ಬಚ್ಚಪ್ಪ ಕಂಬಳಿಯೊಳಗೆ ಹೊಟ್ಟೆಗವಚಿಕೊಂಡು ಮಲಗಿ ಉಳಿಸಿಕೊಂಡಿದ್ದ. ಮರಿಗೆ ಮಾಡಿದ್ದನ್ನು ಮಗನಿಗೂ ಮಾಡಬಹುದೆಂದು ಯಾರೂ ಹೇಳಲಿಲ್ಲ. ಅವನಿಗೂ ಹೊಳೆಯಲಿಲ್ಲ.

ಒಂಬತ್ತನೆಯ ದಿನದ ಮಧ್ಯಾಹ್ನ. ಹಿಂಡು ದಿಬ್ಬ ಹತ್ತುತ್ತಿತ್ತು, ಕೊರಳ ಗಂಟೆಗಳು ಟಿಣಿಟಿಣಿ ಅನ್ನುತ್ತಿದ್ದವು. ಇದ್ದಕ್ಕಿದ್ದಂತೆ ಒಂದೂ ಗಂಟೆ ಇಲ್ಲ. ಬಚ್ಚಪ್ಪ ಬೆಚ್ಚಿ ಕಣ್ಣು ಬಿಟ್ಟ. ಎದೆಯ ಮೇಲೆ ಏರಿಳಿತವೇ ಇರಲಿಲ್ಲ.

“ಅಂಬಿಕಮ್ಮಾ! ಕೂಸು ಉಸಿರಾಡ್ತಾ ಇಲ್ಲ!”

ಅಂಬಿಕ ಓಡಿಬಂದು ಬಟ್ಟೆ ಸರಿಸಿ ಬೆನ್ನು ತಿಕ್ಕಿದಳು, ಅಂಗಾಲಿಗೆ ಬೆರಳಿನಿಂದ ಚಿಮ್ಮಿದಳು. ಒಮ್ಮೆ, ಎರಡು ಸಲ. ಬೆಕ್ಕಿನ ಮರಿಯ ಹಾಗೆ ಕೂಸು ಸಣ್ಣಗೆ ಕುಯ್‌ಗುಟ್ಟಿತು. ನೀಲಿಗಟ್ಟಿದ್ದ ತುಟಿ ಮೆಲ್ಲಗೆ ಕೆಂಪಾಯಿತು.

“ತಿಂಗಳು ತುಂಬ್ದಿರೋ ಪಾಪುಗಳು ಉಸಿರಾಡೋದನ್ನೇ ಮರ್ತುಬಿಡ್ತವೆ ತಾತಾ. ನಾವು ನೆನಪು ಮಾಡ್ಬೇಕು. ನೀವು ಬೇಗ ಕರೆದ್ರಿ, ಒಳ್ಳೇದಾಯ್ತು.”

ಅವತ್ತಿನಿಂದ ಬಚ್ಚಪ್ಪ ಮಾತಾಡತೊಡಗಿದ. ಮೌನವಾಗಿದ್ದರೆ ಎಲ್ಲಿ ಮರೆತುಬಿಡುತ್ತದೋ ಎಂದು ಕನ್ನಡದಲ್ಲಿ, ಅದು ಸಾಲದಾದರೆ ತೆಲುಗಿನಲ್ಲಿ, ಪಿಸುಮಾತಿನಲ್ಲಿ ಹೇಳುತ್ತಲೇ ಇದ್ದ. ಯಾವ ಗುಡ್ಡದಲ್ಲಿ ಮೊದಲು ಹುಲ್ಲು ಚಿಗುರುತ್ತದೆ, ಯಾವ ಕುರಿ ಕಳ್ಳಿ, ಯಾವ ಬಂಡೆಯ ಕೆಳಗೆ ಬೇಸಗೆಯಲ್ಲೂ ನೀರು ಜಿನುಗುತ್ತದೆ. ಒಂದು ದಿನ ಮೊರದಲ್ಲಿ ಮಲಗಿದ್ದವನ ಸುದ್ದಿಯನ್ನೂ ಹೇಳಿದ. ಹೆಂಡತಿಯ ಮುಂದೆ ಕೂಡ ಎತ್ತದಿದ್ದ ಮಾತು ಅದು. ಕೂಸು ಅವನ ಎದೆಯ ನರೆಗೂದಲನ್ನು ಹಿಡಿದುಕೊಂಡು ನಿದ್ದೆ ಮಾಡುತ್ತಿತ್ತು.

ಹದಿನೆಂಟನೆಯ ದಿನ ಚೈತ್ರ ಬಂದಳು. ಸೊರಗಿದ್ದಳು, ಅಮ್ಮನ ತೋಳು ಹಿಡಿದೇ ನಡೆದಳು. ಬಚ್ಚಪ್ಪ ಕೂಸನ್ನು ಅವಳ ಎದೆಗೆ ಹಾಕಿದ.

“ಅಪ್ಪಾ, ಇದು ನನ್ನ ಗುರ್ತು ಹಿಡೀತದಾ?”

“ನಿನ್ನ ಸಮಾಚಾರ ಎಲ್ಲಾ ಹೇಳಿವ್ನಿ ಕಣವ್ವ, ಹಿಡೀತದೆ.”

ಅಷ್ಟು ಹೇಳಿ ವರಾಂಡಕ್ಕೆ ಬಂದು ನಿಂತ. ಎದೆಗೆ ತಣ್ಣನೆಯ ಗಾಳಿ ತಾಗಿತು. ಕೈ ತಾನಾಗಿಯೇ ಅಲ್ಲಿಗೆ ಹೋಗಿ ಬರಿದಾಗಿ ಹಿಂದಿರುಗಿತು.

ನಳಿಗೆ ಬಿಟ್ಟು ಒಳಲೆಯ ಪುಟ್ಟ ಮೂತಿಯಿಂದ ಹಾಲು ಕುಡಿಯಲು ಕಲಿತು, ತೂಕ ಹೆಚ್ಚಿಸಿಕೊಂಡು ಕೂಸು ಊರಿಗೆ ಬಂತು. ಅರಳಿಕಟ್ಟೆಯಲ್ಲಿ ಕೂತಿದ್ದ ವಾರಿಗೆಯ ಶ್ರೀರಾಮಪ್ಪ ಕಿಚಾಯಿಸಿದ: “ಏನ್ಲಾ ಬಚ್ಚ, ಕೂಸು ಹೊತ್ಕೊಂಡು ಕೂತಿದ್ಯಂತೆ, ಮೊಲೆನೂ ಕುಡಿಸಿದ್ಯಾ?”

“ಅದೊಂದು ಬರ್ಲಿಲ್ಲ ಕಣ್ಲಾ,” ಎಂದು ಬಚ್ಚಪ್ಪ ನಕ್ಕ.

ಕಟ್ಟೆಯ ಪಕ್ಕ ಹಾದುಹೋಗುತ್ತಿದ್ದ ಆಶಾ ಕಾರ್ಯಕರ್ತೆ ಕಲಾ ಆ ನಗೆಯನ್ನು ನೋಡಿದ್ದಳು. ಮಾಗಿಯ ಚಳಿಯಲ್ಲಿ ಪಕ್ಕದೂರಿನ ಶ್ಯಾಮಲಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾದಾಗ ನೇರ ಅವನ ಮನೆಗೇ ಬಂದಳು. ಶ್ಯಾಮಲಳಿಗೆ ಜ್ವರ ಬಿಟ್ಟಿರಲಿಲ್ಲ; ಗಂಡ ಮುನಿರಾಜು ಕೂಸನ್ನು ಮುಟ್ಟಲೂ ಹೆದರುತ್ತಿದ್ದ. ಬಚ್ಚಪ್ಪ ಬಸ್ಸು ಹತ್ತಿ ಆಸ್ಪತ್ರೆಗೆ ಹೋಗಿ ಅವನ ಪಕ್ಕದ ಕುರ್ಚಿಯಲ್ಲಿ ಕೂತ. ನರ್ಸು ಕೂಸನ್ನು ಮುನಿರಾಜುವಿನ ಎದೆಗೆ ಕಟ್ಟಿ ಹೋದ ಮೇಲೆ ಅವನು ಉಸಿರು ಬಿಗಿಹಿಡಿದು ಕೇಳಿದ:

“ಇಂಗೆ ಎಷ್ಟೊತ್ತು ಕೂತ್ಕೋಬೇಕು ದೊಡ್ಡಪ್ಪ?”

ಬಚ್ಚಪ್ಪ ಕೂಸಿನ ಜಾರಿದ ಟೋಪಿಯನ್ನು ಸರಿಮಾಡಿದ.

“ಗೊತ್ತಿಲ್ಲ ಕಣಪ್ಪ. ನಂಗೆ ಹೊತ್ತು ಹೋಗಿದ್ದೇ ತಿಳೀಲಿಲ್ಲ.”