ಹಿಂದನೂ ಐತ್ರಿ

ರೊಟ್ಟಿ ಮುರಿದ ಕೈ ತಾಟಿನ ಮೇಲೇ ನಿಂತಿತು.

ಟಿಕೋಟಾದ ನಮ್ಮ ಮನೆಯಲ್ಲಿ ಬೆಳಗಿನ ಹೊತ್ತು. ನಮ್ಮವರದು ದ್ರಾಕ್ಷಿ ತೋಟಗಳಿಗೆ ಡ್ರಿಪ್ ಪೈಪ್ ಮಾರುವ ಅಂಗಡಿ. ನಾಲ್ಕು ತುತ್ತು ತಿಂದು ಓಡುವುದೇ ರೂಢಿ. ಆ ದಿನ ಓಡಲಿಲ್ಲ. ಮುಖವೆಲ್ಲ ಬೆವತಿತ್ತು.

“ಸುಮಾ, ಎದಿ ಹಿಡದಂಗ ಆಗೇತಿ,” ಎಂದರು. ಆಮೇಲೆ ಕೈ ತಿರುಗಿಸಿ ಬೆನ್ನು ಮುಟ್ಟಿಕೊಳ್ಳಲು ನೋಡಿದರು. “ಹಿಂದನೂ ಐತಿ.”

ಮೈದುನ ಶಿವು ಕಾರು ತಂದ. ವಿಜಯಪುರದ ಆಸ್ಪತ್ರೆಯ ಕ್ಯಾಶುಯಾಲ್ಟಿಯಲ್ಲಿದ್ದವನು ಕರಾವಳಿ ಕಡೆಯ ಹುಡುಗ ಡಾಕ್ಟರು. ಏನಾಗುತ್ತಿದೆ ಎಂದು ಕೇಳಿದ. ಅವರಿಗೆ ಮಾತಾಡಲು ಉಸಿರಿರಲಿಲ್ಲ. ಅವರು ಹೇಳಿದ್ದನ್ನೇ ನಾನು ಹೇಳಿದೆ.

“ಎದಿ ನೋವ್ರೀ. ಹಿಂದನೂ ಐತ್ರಿ.”

ಅವನು ತಲೆಯಾಡಿಸಿ ಬರೆದುಕೊಂಡ.

ಇಸಿಜಿ ಆಯಿತು. ಆಂಜಿಯೋಗ್ರಾಂ ಆಯಿತು. ಮೂರು ಕಡೆ ಬ್ಲಾಕ್.

ಬೈಪಾಸ್ ಆಗಲೇಬೇಕು.

“ಲಗೂನ ಮಾಡೂದು ಚಲೋ ನೋಡ್ರಿ,” ಎಂದರು ದೊಡ್ಡ ಡಾಕ್ಟರು. “ಇನ್ಶುರೆನ್ಸ್‌ನವರ ಅಪ್ರೂವಲ್ ಬಂದ ಕೂಡ್ಲೇ ಥಿಯೇಟರ್‌ಗೆ ತಗೋತೀವಿ.” ಅದನ್ನು ಕೇಳಿ ನನಗೆ ಧೈರ್ಯ ಬಂತು. ಕೈಯಿಂದ ಕಟ್ಟುವ ಶಕ್ತಿ ನಮಗಿರಲಿಲ್ಲ, ಆದರೆ ಪಾಲಿಸಿ ಇತ್ತಲ್ಲ. ಹಿಂದಿನ ವರ್ಷ ಇವರೇ ಹಟ ಹಿಡಿದು ಮಾಡಿಸಿದ್ದರು. ನಾನು ಆಗ ಯಾಕೆ ಬೇಕು ಎಂದು ಗೊಣಗಿದ್ದೆ.

ಅಪ್ರೂವಲ್ ಬರಲಿಲ್ಲ. ರಿಜೆಕ್ಟ್ ಆಗಿ ಬಂತು. ಪಾಲಿಸಿಗಿಂತ ಮೊದಲೇ ಇದ್ದ ಕಾಯಿಲೆಯನ್ನು ನಾವು ಮುಚ್ಚಿಟ್ಟಿದ್ದೇವಂತೆ.

ಸುಳ್ಳು ಅಂದರೆ ಸುಳ್ಳು! ಆ ಮನುಷ್ಯ ತಲೆನೋವಿಗೂ ಗುಳಿಗೆ ನುಂಗಿದವರಲ್ಲ. ಐಸಿಯು ಹೊರಗಿನ ಕುರ್ಚಿಯಲ್ಲಿ ಕೂತು ಫೋನ್ ಹಚ್ಚಿದೆ. ಹಚ್ಚಿದಾಗೊಮ್ಮೆ ಹೊಸ ದನಿ, ಬೆಣ್ಣೆಯಂಥ ಮಾತು. ನಾನು ಮತ್ತೆ ಮೊದಲಿನಿಂದ ಹೇಳಬೇಕು, ಅವರು ಮತ್ತೆ ಸಾರಿ ಎನ್ನಬೇಕು. ಕೊನೆಗೊಬ್ಬಳು ಹುಡುಗಿ, ಪಾಪ, ತಾಳ್ಮೆಯಿಂದ ಓದಿ ಹೇಳಿದಳು.

“ಮೇಡಂ, ಹಿಂದೆಯೂ ಎದೆನೋವು ಇತ್ತು ಅಂತ ಪೇಷಂಟ್ ಹೆಂಡತಿಯೇ ಹೇಳಿದ್ದಾರಂತೆ.”

ಹೆಂಡತಿಯೇ. ಅಂದರೆ ನಾನೇ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ವರ್ತಮಾನ ಕಾಲ, ಭೂತಕಾಲ ಎಂದು ಬೋರ್ಡಿನ ಮೇಲೆ ಬರೆದು ಬರೆದು ಬೆರಳು ಸವೆಸಿದವಳು. ಐತಿ ಅಂದದ್ದು ಇತ್ತು ಆಗಿತ್ತು. ಬೆನ್ನು ಹೋಗಿ ಹಳೆಯ ಕಾಲವಾಗಿತ್ತು.

ಆ ಹುಡುಗ ಡಾಕ್ಟರನನ್ನು ವಾರ್ಡಿನಲ್ಲೇ ಹಿಡಿದೆ. “ಹಿಂದ ಅಂದ್ರ ಬೆನ್ನಾಗ ಅಂತ್ರೀ ಡಾಕ್ಟ್ರ! ಮೊದಲ ಇತ್ತು ಅಂತ ನಾ ಯಾವಾಗ ಅಂದೆ?”

ಅವನ ಮುಖ ಬಿಳಿಚಿಕೊಂಡಿತು. “ಮುಂಚೆ ಅಂತ ತಿಳ್ಕೊಂಡೆ ಅಮ್ಮಾ,” ಎಂದ. ಬಯ್ಯಬೇಕೆಂದೇ ಹೋಗಿದ್ದೆ. ಬಯ್ದೆ. ಬಯ್ದಿದ್ದಕ್ಕೆ ಇವತ್ತಿಗೂ ನನಗೆ ಬೇಜಾರಿಲ್ಲ. ಅವನು ಮಾತ್ರ ಅಲ್ಲೇ ನಿಂತು ತಿದ್ದಿ ಬರೆದ: ಹಿಂದಿನ ಇತಿಹಾಸ ಇಲ್ಲ, ನೋವು ಬೆನ್ನಿಗೂ ಹರಡಿದೆ.

ಕಂಪನಿಯಿಂದ ಮರುದಿನ ಅಪ್ರೂವಲ್ ಬಂತು. ಬೆನ್ನುನೋವಿಗೆ.

ಹೌದು, ಬೆನ್ನುನೋವಿನ ಚಿಕಿತ್ಸೆಗೆಂದು ಬಿಲ್ ಮಂಜೂರು ಮಾಡಿದ್ದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಗು ಬಂದದ್ದು ನಿಜ, ಆ ನಗು ನನ್ನ ಕಿವಿಗೇ ಹುಚ್ಚಿಯ ನಗುವಿನ ಹಾಗೆ ಕೇಳಿಸಿತು. ಮತ್ತೆ ಫೋನ್ ಹಚ್ಚಿದೆ. ಲೈನಿನಲ್ಲೇ ಇರಿ ಎಂದು ಪಿಟೀಲಿನ ರಾಗ ಹಾಕಿದರು. ನಾನು ಲೈನಿನಲ್ಲೇ ಇದ್ದೆ. ಆಗ ಐಸಿಯು ಕಡೆಯಿಂದ ಶಿವು ಓಡಿ ಬಂದ.

“ವೈನೀ, ಅಣ್ಣಗ ಮತ್ತ ಅಟ್ಯಾಕ್ ಆತು!”

ಕೈಯಲ್ಲಿದ್ದ ಫೋನಿನಲ್ಲಿ ಪಿಟೀಲು ನಡೆದೇ ಇತ್ತು.

ಸರಿಯಾದ ಅಪ್ರೂವಲ್ ಅದೇ ಸಂಜೆ ಬಂತು. ಅವರು ವೆಂಟಿಲೇಟರ್ ಮೇಲಿದ್ದರು. ಸ್ವಲ್ಪ ಚೇತರಿಸಿಕೊಂಡ ಮೇಲೆ ಬೈಪಾಸ್ ಮಾಡಿದರು. ಜೀವ ಉಳಿಯಿತು. ಹೃದಯದ ಪಂಪಿಂಗ್ ಮಾತ್ರ ಅರ್ಧಕ್ಕಿಂತ ಕಡಿಮೆಗೆ ಇಳಿದಿದೆ, ಇನ್ನು ಹೆಚ್ಚುವ ಭರವಸೆ ಇಲ್ಲ ಎಂದರು. ಮೊದಲೇ ಮಾಡಿದ್ದರೆ ಹೀಗಾಗುತ್ತಿರಲಿಲ್ಲವೇ ಎಂದು ಕೇಳಿದೆ. ದೊಡ್ಡ ಡಾಕ್ಟರು ಕನ್ನಡಕ ಒರೆಸಿಕೊಂಡರು. ಕಂಪನಿಯಿಂದ, ಸೇವೆ ಹೇಗಿತ್ತು ಎಂದು ಕೇಳುವ ಮೆಸೇಜ್ ಬಂತು.

ಈಗ ಅಂಗಡಿ ಶಿವು ನೋಡುತ್ತಾನೆ. ಇವರು ಗೇಟಿನವರೆಗೆ ನಡೆದು ಕಟ್ಟೆಯ ಮೇಲೆ ಕೂಡುತ್ತಾರೆ, ಹೊನವಾಡದ ಬಸ್ಸು ಹೋಗುವುದನ್ನು ನೋಡುತ್ತಾರೆ. ನಾನು ಸಾಲಿಯಿಂದ ಬರುವಾಗ ಆ ಕಟ್ಟೆಯ ಮೇಲೆ ಅವರು ಕಂಡರೆ ಸಾಕು, ದೇವರಿಗೆ ಕೈ ಮುಗಿಯುತ್ತೇನೆ. ಇದ್ದಾರಲ್ಲ.

ಮೊನ್ನೆ ಚೆಕಪ್ಪಿಗೆ ಹೋಗಿದ್ದೆವು. ಎಲ್ಲಿಯಾದರೂ ನೋವಿದೆಯೇ ಎಂದು ಡಾಕ್ಟರು ಕೇಳಿದರು. ಇವರು ನನ್ನ ಮುಖ ನೋಡಿದರು. “ಏನಿಲ್ರಿ,” ಎಂದರು.

ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ನನಗೆ ತಡೆಯಲಾಗಲಿಲ್ಲ. “ಮಾರಿ ನೋಡಿದ್ರ ಗೊತ್ತಾಗತೈತಿ. ನೋವು ಐತಿ ಅಂತ ಯಾಕ ಹೇಳಲಿಲ್ಲ?”

“ಹೇಳಿದ್ರ ಬರಕೋತಾರ ಸುಮಾ.”

ನನಗೆ ಎದೆ ಒಡೆದಂತಾಯಿತು. ಸಿಟ್ಟೂ ಬಂತು. ಅವರ ರಟ್ಟೆ ಹಿಡಿದು ಎಬ್ಬಿಸಿ, ಮತ್ತೆ ಒಳಗೆ ಕರೆದುಕೊಂಡು ಹೋದೆ. ಡಾಕ್ಟರ ಎದುರು ಅವರನ್ನು ತಿರುಗಿಸಿ ನಿಲ್ಲಿಸಿ, ಅಂಗಿಯ ಮೇಲೆ, ಬೆನ್ನಿನ ಎಡಗಡೆ ನನ್ನ ಅಂಗೈ ಇಟ್ಟೆ.

“ಇಲ್ಲಿ ನೋಯಾಕತ್ತೈತ್ರಿ,” ಎಂದೆ. “ಈಗ.”