ದಾಸವಾಳದ ಗಿಡದ ಇಗ್ವಾನಾ

“ಅವ್ವಾ, ಮಾಲತೇಶ ಕಾಕಾ ಮೈಮ್ಯಾಲೆ ಪಟ್ಟಿ ಪಟ್ಟಿ ಇದ್ದ ಪ್ರಾಣಿಗಳದಷ್ಟ ಯಾಕ ಫೋಟೋ ತಗೀತಾನ?” ಎಂದು ಅನು ಕೇಳಿದಳು.

ರೋಹಿಣಿಗೆ ನಗು ಬಂತು. ಬ್ಯಾಡಗಿಯಲ್ಲಿ ಸ್ಟುಡಿಯೋ ಇಟ್ಟ ಈ ಮೈದುನ ಮದುವೆಗೆ ಹೋದರೆ ಮದುಮಗಳ ಮುಖ ಮಸುಕು, ಚಪ್ಪರದ ಮೇಲಿನ ಅಳಿಲಿನ ಪಟ್ಟೆ ಮಾತ್ರ ಒಂದೊಂದೂ ಸ್ಪಷ್ಟ. ರಾಣೆಬೆನ್ನೂರಿನ ಸಾಕುಪ್ರಾಣಿಗಳ ಅಂಗಡಿಯೊಂದರ ಗಾಜಿನ ತೊಟ್ಟಿಯಲ್ಲಿದ್ದ ಪಟ್ಟೆಮೀನಿನ ಫೋಟೋ ತೆಗೆದು, ‘ತುಂಗಭದ್ರೆಯ ಆಳದಲ್ಲಿ’ ಎಂದು ಫೇಸ್‌ಬುಕ್ಕಿಗೆ ಹಾಕಿದ ಧೈರ್ಯವಂತ. ಈಜು ಮಾತ್ರ ಬರುವುದಿಲ್ಲ.

ಹೋದ ತಿಂಗಳು ಅದೇ ಅಂಗಡಿಯಿಂದ ಇಗ್ವಾನಾ ಎಂಬ ಪರದೇಶದ ದೊಡ್ಡ ಹಲ್ಲಿಯನ್ನು ಒಂದು ದಿನಕ್ಕೆಂದು ತಂದು, ರೋಹಿಣಿಯ ಹಿತ್ತಲಿನ ದಾಸವಾಳದ ಮೇಲೆ ಕೂರಿಸಿದ. ಅದು ಗಿಡವನ್ನು ಬೋಳು ಮಾಡಿತು. ಇವನು ಅದರ ಬಾಲದ ಪಟ್ಟೆಗಳನ್ನು ಸೆರೆಹಿಡಿದು, ಹಾವೇರಿ ಜಿಲ್ಲೆಯ ಕಾಡುಜೀವಿ ಎಂದು ಫೋಟೋ ಸ್ಪರ್ಧೆಗೆ ಕಳಿಸಿದ.

ಇವತ್ತು ಬೆವರುತ್ತ ಬಂದ.

“ಮೊದಲನೇ ಬಹುಮಾನ ನನಗಂತ, ವೈನಿ! ಆದ್ರ ಅದು ಕಂಡ ಜಾಗಾ ನೋಡಾಕ ನಾಳೆ ತೀರ್ಪುಗಾರರು ಬರಾಕತ್ತಾರ.”

“ಅಂಗಡಿ ತೋರಸು.”

“ಚ್ಯಾಷ್ಟಿ ಮಾಡಬ್ಯಾಡ್ರಿ. ದಿನಾ ನಮ್ಮ ಹಿತ್ತಲಕ್ಕ ಬರ್ತೈತಿ ಅಂತ ನೀವು ಒಂದ್ ಮಾತು ಹೇಳ್ರಿ, ಸಾಕು. ಮತ್ತ ಅನೂನ್ನ ಒಂದಿನ ಕರ್ಜಗಿಗೆ, ಅಜ್ಜಿ ಮನಿಗೆ ಕಳಿಸಿಬಿಡ್ರಿ. ಅಕಿ ಇದ್ರ ಅಂಗಡಿಯವನ ಹೆಸರಿನ ಸಮೇತ ಖರೇ ಹೇಳಿಬಿಡ್ತಾಳ.”